ಪತ್ತೇದಾರ ಪುರುಷೋತ್ತಮನೂ ಬೇವಿನಕಟ್ಟೆ ತಿಮ್ಮನೂ

ನವೆಂಬರ್ ಒಂದರಂದು ನಾವು ಏರಿಸುವ ಹಳದಿ-ಕೆಂಪು ಬಾವುಟಕ್ಕೂ ಪತ್ತೇದಾರಿ ಕಾದಂಬರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರು ತಬ್ಬಿಬ್ಬಾಗಬಹುದು. ಸಂಬಂಧ ನೇರವಾದದ್ದೇ. 1960ರ ದಶಕದಲ್ಲಿ ಆ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಕನ್ನಡ ಚಳವಳಿಯ ಮುಂದಾಳುಗಳಷ್ಟೇ ಅಲ್ಲ, ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು. 1967ರ ಡಿಸೆಂಬರಿನಲ್ಲಿ ಬಾವಿ ತೋಡುತ್ತಿದ್ದಾಗ ಮಣ್ಣು ಕುಸಿದು, ತಮ್ಮ ಇಬ್ಬರು ಮಕ್ಕಳೊಡನೆ ಅವರು ತೀರಿಕೊಂಡರು. ಬಾವುಟ ಉಳಿಯಿತು. ಅವರ ಕಾದಂಬರಿಗಳನ್ನು ಇಂದು ಕಣ್ಣಿನಿಂದ ಕಂಡವರೆಷ್ಟು ಮಂದಿ?

ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ನವೋದಯ, ಪ್ರಗತಿಶೀಲ, ನವ್ಯ ಎಂದು ಅಧ್ಯಾಯಗಳಿವೆ. ನಗಿಸುವ, ಬೆದರಿಸುವ, ನಿದ್ದೆಗೆಡಿಸುವ ಪುಸ್ತಕಗಳಿಗೆ ಅಲ್ಲಿ ಸಿಕ್ಕುವುದು ಹೆಚ್ಚೆಂದರೆ ಒಂದು ಸಾಲು. ನಾನು ವಿಮರ್ಶಕನಲ್ಲ, ಬಿ.ಎಸ್‌ಸಿ. ಓದಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತ. ಆದರೆ ಈ ಪುಸ್ತಕಗಳ ಋಣ ನನ್ನ ಮೇಲಿದೆ. ಆದ್ದರಿಂದ ಕೇವಲ ಓದುಗನಾಗಿ ನಾಲ್ಕು ಮಾತು.

ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದವರಲ್ಲಿ ಬಿ. ವೆಂಕಟಾಚಾರ್ಯರು ಮೊದಲಿಗರು. ಬಂಕಿಮಚಂದ್ರರ 'ದುರ್ಗೇಶನಂದಿನಿ'ಯನ್ನು 1885ರಲ್ಲಿ ಅವರು ಕನ್ನಡಕ್ಕೆ ತಂದರು. 'ಮುಂದೇನಾಯಿತು?' ಎಂಬ ಕುತೂಹಲವೇ ಅಂಥ ಕಥೆಗಳ ಜೀವಾಳ. ನಗೆಯ ಕಡೆಗೆ ಬಂದರೆ, ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ನಮ್ಮೆಲ್ಲರ 'ರಾಶಿ', 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿ 25 ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು, ಟಿ. ಸುನಂದಮ್ಮನವರ ಹಾಸ್ಯ ಅಲ್ಲಿ ಬೆಳೆಯಿತು.

ಬೀchi ಎಂದೇ ಕರೆಸಿಕೊಂಡ ರಾಯಸಂ ಭೀಮಸೇನರಾಯರು (1913-1980) ನಮಗೆ, ಅಂದರೆ ಮದ್ರಾಸಿನ ಕನ್ನಡಿಗರಿಗೆ, ಇನ್ನೂ ಹತ್ತಿರದವರು. ಅವರು ಹುಟ್ಟಿದ ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬಳ್ಳಾರಿಯೋ 1953ರ ಅಕ್ಟೋಬರ್ ಒಂದರವರೆಗೆ ಮದ್ರಾಸಿಗೇ ಸೇರಿತ್ತು. ಅವರು ಪೊಲೀಸ್ ಇಲಾಖೆಯಲ್ಲಿ ಗುಮಾಸ್ತರು. ಕನ್ನಡ ಪುಸ್ತಕವೆಂದರೆ ಅಸಡ್ಡೆಯಿದ್ದ ಅವರನ್ನು ಅನಕೃ ಅವರ 'ಸಂಧ್ಯಾರಾಗ' ಕನ್ನಡದತ್ತ ತಿರುಗಿಸಿತೆಂಬುದು ಪ್ರಸಿದ್ಧ ಸಂಗತಿ. ಅವರ ತಿಮ್ಮ ಪೆದ್ದನಂತೆ ಮಾತನಾಡುತ್ತಾನೆ. ಆದರೆ ಅವನ ಮಾತು ಮುಗಿಯುವಷ್ಟರಲ್ಲಿ ಪೆದ್ದರಾಗಿರುವವರು ಸಾಹೇಬರು, ಸ್ವಾಮಿಗಳು, ಮಂತ್ರಿಗಳು. ಕಚೇರಿಯ ಕೆಲಸ ಬಲ್ಲವನೇ ಬರೆಯಬಹುದಾದ ಹಾಸ್ಯ ಅದು. ದೊಡ್ಡವರ ಮುಂದೆ ಕೈಕಟ್ಟಿ ನಿಂತವನಿಗೇ ಅವರ ಸಣ್ಣತನ ಚೆನ್ನಾಗಿ ಕಾಣುತ್ತದೆ.

ಇನ್ನು ಪತ್ತೇದಾರಿ. ಈ ಮಾತು ಬಂದರೆ ಎನ್. ನರಸಿಂಹಯ್ಯನವರ ಹೆಸರನ್ನೇ ಮೊದಲು ಹೇಳಬೇಕು. ಅವರು 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡರು. ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮ ಒಂದು ಕಾಲಕ್ಕೆ ಮನೆಮಾತಾಗಿದ್ದ. ಷರ್ಲಾಕ್ ಹೋಮ್ಸ್ 1887ರಲ್ಲಿ ಮೊದಲು ಕಾಣಿಸಿಕೊಂಡಾಗಿನಿಂದ ಇಂಗ್ಲಿಷ್ ಪತ್ತೇದಾರಿಯಲ್ಲಿ ಸುಳಿವು, ತರ್ಕ, ಸಿದ್ಧಾಂತಗಳದೇ ಮೇಲುಗೈ. ವಿಜ್ಞಾನ ಓದಿದ ನನಗೆ ಅದು ಮೆಚ್ಚು. ನರಸಿಂಹಯ್ಯನವರಲ್ಲಿ ಅಷ್ಟು ಬಿಗಿಯಾದ ತರ್ಕ ನನಗೆ ಕಾಣಲಿಲ್ಲ. ಆದರೆ ಇಂದು ಮತ್ತೆ ಓದಿದಾಗ ಬೇರೊಂದು ಗುಣ ಕಣ್ಣಿಗೆ ಬಿತ್ತು: ಅವರ ವಾಕ್ಯದಲ್ಲಿ ಎಲ್ಲಿಯೂ ಕಾಲು ಎಡವುವುದಿಲ್ಲ. ಅಕ್ಷರ ಕೂಡಿಸಿ ಓದುವವನೂ ಪುಟ ಮಗುಚಬಲ್ಲ. ಪಂಡಿತರಿಗಾಗಿ ಬರೆಯದ ಮನುಷ್ಯನಿಂದ ಎಷ್ಟೋ ಗಿರಣಿ ಕೆಲಸಗಾರರು, ಹೋಟೆಲ್ ಮಾಣಿಗಳು, ಗೃಹಿಣಿಯರು ಓದುಗರಾದರು.

ಟಿ.ಕೆ. ರಾಮರಾಯರದು ಇನ್ನೊಂದು ಬಗೆ. 1972ರ 'ಬಂಗಾರದ ಮನುಷ್ಯ' ಚಿತ್ರವನ್ನು ಕಾಣದ ಕನ್ನಡಿಗರಿಲ್ಲ. ಆ ಕಥೆ ಅವರ ಕಾದಂಬರಿಯದೆಂಬುದು, ಅವರು ರೋಚಕ ಕಾದಂಬರಿಗಳಿಗೆ ಹೆಸರಾದವರೆಂಬುದು ಎಷ್ಟು ಜನಕ್ಕೆ ಗೊತ್ತು? ಮುಂದೆ ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಬಂದು ಮಾಟ-ಮಂತ್ರದ ಭಯವನ್ನು ಮನೆಮನೆಗೆ ಹಂಚಿತು. ಅದನ್ನು ಹಗಲಿನಲ್ಲಿ ಓದಿದಾಗ ನನ್ನೊಳಗಿನ ವಿಜ್ಞಾನ ವಿದ್ಯಾರ್ಥಿ ಜಗಳ ತೆಗೆಯುತ್ತಿದ್ದ; ರಾತ್ರಿ ಓದಿದಾಗ ಅವನು ಬಾಯಿ ಬಿಡುತ್ತಿರಲಿಲ್ಲ.

ಈ ಮೂರೂ ಹೊಳೆಗಳು ಸಂಗಮವಾದದ್ದು ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ (1985) ಎಂದು ನನ್ನ ಅಭಿಪ್ರಾಯ. ಏಲಕ್ಕಿ ಬೆಳೆಯ ಕುಸಿತ, ಒಂದು ಅನುಮಾನಾಸ್ಪದ ಸಾವು, ಅದನ್ನು ತನಿಖೆ ಮಾಡಲು ಕೆಸರೂರಿಗೆ ಬರುವ ಅಧಿಕಾರಿ: ಎಲ್ಲವೂ ಪತ್ತೇದಾರಿಯ ಸಾಮಗ್ರಿಯೇ. ಪುಟಪುಟಕ್ಕೂ ನಗು. ಆದರೆ ಕೊಲೆಗಾರ ಯಾರೆಂದು ನಾವು ಹುಡುಕುತ್ತಿರುವಾಗಲೇ ಜಾತಿ, ಮತ, ಮೂರ್ಖತನಗಳು ಸೇರಿ ಇಡೀ ಊರನ್ನೇ ಸುಡುತ್ತವೆ. ಅದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಿಂದಿನ ಬಾಗಿಲಲ್ಲಿ ನಿಂತಿದ್ದ ಪತ್ತೇದಾರಿಯನ್ನು ಪಡಸಾಲೆಗೆ ಕರೆದು ಮಣೆ ಹಾಕಿದಂತಾಯಿತು.

ಈ ಚರಿತ್ರೆಯಲ್ಲಿ ನಮ್ಮ ಚೆನ್ನೈಗೂ ಪಾಲುಂಟು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ 'ಚಂದಮಾಮ'ದ ಕನ್ನಡ ಆವೃತ್ತಿ 1949ರಿಂದ ಬಂತು. ಬಹುಕಾಲ ಅದು ವಡಪಳನಿಯಲ್ಲೇ ಅಚ್ಚಾಯಿತು. ದಾಸರಿ ಸುಬ್ರಹ್ಮಣ್ಯಂ ಅವರ ಮಾಯಾಲೋಕದ ಧಾರಾವಾಹಿಗಳು, ಶಂಕರ್ ಅವರ ಬೇತಾಳದ ಚಿತ್ರ ಎಷ್ಟೋ ಕನ್ನಡ ಮಕ್ಕಳಿಗೆ ರೋಚಕ ಕಥೆಯ ಮೊದಲ ಪಾಠ. 2013ರಲ್ಲಿ ಆ ಪತ್ರಿಕೆಯೂ ನಿಂತಿತು. ಇತ್ತ ತಮಿಳರಲ್ಲಿ 'ದೇವನ್' ಅವರ ಸಾಂಬು, ಪೆದ್ದುತನದಿಂದಲೇ ಕಳ್ಳರನ್ನು ಹಿಡಿದ ಬ್ಯಾಂಕ್ ಗುಮಾಸ್ತ; ನಮ್ಮ ತಿಮ್ಮನಿಗೆ ಅಣ್ಣನೋ ತಮ್ಮನೋ ಆಗಬೇಕು. ತಮಿಳಿನ ಪತ್ತೇದಾರಿ ಲೇಖಕ ಸುಜಾತಾ ಅವರಾದರೋ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯ ಎಂಜಿನಿಯರು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ.

ಈಗ ಮುಖ್ಯ ವಿಷಯ. ಈ ಪುಸ್ತಕಗಳು ಎಲ್ಲಿವೆ? ಅಗ್ಗದ ಕಾಗದ, ತೆಳು ರಟ್ಟು. ಓದಿದವರು ಮತ್ತೊಬ್ಬರಿಗೆ ಕೊಟ್ಟರು, ಕೊನೆಗೆ ರದ್ದಿಗೆ ಹಾಕಿದರು. ಹಳೆಯ ಪುಸ್ತಕಗಳ ತವರಾಗಿದ್ದ ಇಲ್ಲಿನ ಮೂರ್ ಮಾರ್ಕೆಟ್ 1985ರಲ್ಲಿ ಬೆಂಕಿಗೆ ಆಹುತಿಯಾಯಿತು. 1954ರ ಕಾನೂನಿನಂತೆ ಭಾರತದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಕೋಲ್ಕತ್ತ, ಮುಂಬಯಿ, ದೆಹಲಿ ಹಾಗೂ ನಮ್ಮ ಎಗ್ಮೋರಿನ ಕನ್ನೆಮರಾ ಗ್ರಂಥಾಲಯಕ್ಕೆ ಪ್ರಕಾಶಕರು ಕಳಿಸಬೇಕು. ಅಂದರೆ ಪುರುಷೋತ್ತಮನೂ ತಿಮ್ಮನೂ ಎಗ್ಮೋರಿನ ಕಪಾಟಿನಲ್ಲಿ ನಮಗಾಗಿ ಕಾಯುತ್ತಿರಬೇಕು! ಎಷ್ಟು ಮಂದಿ ಬಂದು ಸೇರಿದ್ದಾರೆಂದು ನಾವಲ್ಲದೆ ಮತ್ತಾರು ಪತ್ತೆ ಮಾಡಬೇಕು?

ಇದು ಹಳೆಯದರ ಮೇಲಿನ ವ್ಯಾಮೋಹವಲ್ಲ. ನಮ್ಮ ಮನೆಗಳ ಮಕ್ಕಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್, ಹಿಂದಿ ಕಲಿಯುತ್ತಾರೆ. ಕನ್ನಡ ಮಾತನಾಡುತ್ತಾರೆ, ಓದಲಾರರು. ನನ್ನ ಮಗಳಿಗೂ ಹಾಗೆಯೇ ಇತ್ತು. ನೀತಿಕಥೆ ಕೊಟ್ಟೆ, ಮುಟ್ಟಲಿಲ್ಲ. ಕಳೆದ ಬೇಸಿಗೆಯಲ್ಲಿ ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ ಹೇಳತೊಡಗಿದೆ. ಐದನೆಯ ದಿನ ಕಚೇರಿಯಿಂದ ತಡವಾಗಿ ಬಂದಾಗ ಅವಳು ಬೆರಳಿಟ್ಟುಕೊಂಡು, ಒತ್ತಕ್ಷರಗಳಿಗೆ ಅಮ್ಮನನ್ನು ಪೀಡಿಸುತ್ತ, ಆರನೆಯ ಅಧ್ಯಾಯದ ಅರ್ಧಕ್ಕೆ ಬಂದಿದ್ದಳು. ಕೊಲೆಗಾರ ಯಾರೆಂಬ ಆತುರ ಅವಳಿಗೆ ಕಾಗುಣಿತ ಕಲಿಸಿತು.

ಆದ್ದರಿಂದ ಸದಸ್ಯರಲ್ಲಿ ಎರಡು ವಿಜ್ಞಾಪನೆ. ಮನೆಯ ಅಟ್ಟ, ಹಳೆಯ ಟ್ರಂಕುಗಳನ್ನು ಒಮ್ಮೆ ತೆಗೆದು ನೋಡಿ. ಇಂಥ ಪುಸ್ತಕ ಸಿಕ್ಕರೆ, ರಕ್ಷಾಪುಟ ಹರಿದಿದ್ದರೂ ಸರಿ, ಸಂಘಕ್ಕೆ ತಂದುಕೊಡಿ. ಎರಡನೆಯದಾಗಿ, ಕನ್ನೆಮರಾದಲ್ಲಿ ಏನೇನಿದೆಯೆಂದು ಪಟ್ಟಿ ಮಾಡಲು ಎರಡು ಶನಿವಾರ ನನ್ನೊಡನೆ ಬರಬಲ್ಲ ನಾಲ್ವರು ಬೇಕು. ಬರುವವರು ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕಾಗಿ ಪ್ರಾರ್ಥನೆ.