ನ್ಯಾಸವಾಗಿ ಇಟ್ಟ ಮಕ್ಕಳು

ನಮ್ಮ ಮಧುಗಿರಿ ಪಾವಗಡದ ಸೀಮೆಯಲ್ಲಿ ಮಗುವನ್ನು ದೂರದ ಊರಿಗೆ ಕಳುಹಿಸಬೇಕಾಗಿ ಬಂದರೆ, ತಾಯಿಯಾದವಳು ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯವನ್ನು ಕಟ್ಟಿ, ಮನೆದೇವರ ಮುಂದೆ ಮುಡಿಪಿಟ್ಟು, ಇನ್ನು ಈ ಮಗು ನಿನ್ನದೆಂದು ಕೈಮುಗಿಯುವಳು. ನಾನು ರಾಯಚರ್ಲಿನಿಂದ ಸಂಸ್ಕೃತ ಪಾಠಶಾಲೆಗೆ ಹೊರಟ ದಿನ ನನ್ನ ತಾಯಿಯೂ ಹೀಗೆಯೇ ಮಾಡಿದಳು. ದಾರಿಯ ಹಳ್ಳ, ಪರಸ್ಥಳದ ನೀರು, ಜ್ವರ ಇವುಗಳಿಂದ ಮಗನನ್ನು ಕಾಯುವ ಹೊಣೆಯನ್ನು ದೇವರಿಗೆ ಒಪ್ಪಿಸಿ ಆಕೆ ಒಳಗೆ ಹೋದಳು. ಇಂತಹ ಒಪ್ಪಿಸುವಿಕೆಯು ನಮ್ಮ ಮನೆಗಳಿಗೆ ಮಾತ್ರ ಸೇರಿದುದೆಂದು ಬಹುಕಾಲ ಭಾವಿಸಿದ್ದೆನು. ಕನ್ನಡಕ್ಕೆ ಮಹೋಪಕಾರ ಮಾಡಿದ ಕ್ರೈಸ್ತ ಪಾದ್ರಿಗಳ ಸಂಸಾರಚರಿತ್ರೆಯನ್ನು ಓದಿದ ಮೇಲೆ ಆ ಭಾವನೆಯನ್ನು ತಿದ್ದಿಕೊಳ್ಳಬೇಕಾಯಿತು.

ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆಯು 1834ರಲ್ಲಿ ಮಂಗಳೂರಿಗೆ ತನ್ನ ಮೊದಲ ಪಾದ್ರಿಗಳನ್ನು ಕಳುಹಿಸಿತು. 1837ರಲ್ಲಿ ಧಾರವಾಡದಲ್ಲಿ ಠಾಣ್ಯ, 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟ್ಟೆಲರ ಮಹಾನಿಘಂಟು, ಇವೆಲ್ಲ ನಮ್ಮ ವಾಚಕರಿಗೆ ತಿಳಿದ ಸಂಗತಿಗಳೇ. ಈ ವಿದ್ಯಾಕಾರ್ಯದ ಹಿಂದೆ ಎಷ್ಟು ಭಯವಿದ್ದಿತೆಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಅದಕ್ಕೆ ಮುಂಚೆ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲಿರಬೇಕಾಗಿತ್ತು. ದಡ ಸೇರಿದ ಮೇಲೆಯೂ ಜ್ವರ, ವಾಂತಿಭೇದಿಗಳ ಕಾಟ ತಪ್ಪುತ್ತಿರಲಿಲ್ಲ. ಮಲೇರಿಯವು ಸೊಳ್ಳೆಯಿಂದ ಹರಡುವುದೆಂಬುದನ್ನು ರೊನಾಲ್ಡ್ ರಾಸ್ ಎಂಬ ವೈದ್ಯರು ಕಂಡುಹಿಡಿದುದು 1897-98ರಲ್ಲಿ. ಅದುವರೆಗೆ ಕೆಟ್ಟ ಗಾಳಿಯೇ ಕಾರಣವೆಂದು ನಂಬಿ ಜನ ಕಿಟಕಿ ಮುಚ್ಚುತ್ತಿದ್ದರು. ಕನ್ನಡ ಬೈಬಲನ್ನು ಪರಿಷ್ಕರಿಸುತ್ತಿದ್ದ ವೈಗ್ಲೆಯವರು ನಲವತ್ತು ತುಂಬುವ ಮೊದಲೇ 1855ರಲ್ಲಿ ತೀರಿಕೊಂಡರು. ಕಿಟ್ಟೆಲರ ಮಡದಿ ಪೌಲೀನೆಯವರು ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಕಾಲವಾದರು.

ದೊಡ್ಡವರ ಗತಿಯೇ ಹೀಗಿರಲು ಮಕ್ಕಳ ಪಾಡೇನು? ಈ ದೇಶದ ಹವೆಯಲ್ಲಿ ತಮ್ಮ ಮಕ್ಕಳು ಉಳಿಯಲಾರರೆಂಬ ಭೀತಿಯೂ, ಇಲ್ಲಿ ಬೆಳೆದರೆ ತಮ್ಮ ರೀತಿನೀತಿಗಳು ಅವರಿಗೆ ಬರಲಾರವೆಂಬ ಶಂಕೆಯೂ ಅವರಲ್ಲಿ ಬಲವಾಗಿದ್ದವು. ಕಿಟ್ಟೆಲರು ಇಂಡಿಯಕ್ಕೆ ಬಂದ 1853ರಲ್ಲಿಯೇ ಬಾಸೆಲಿನ ಸಮಿತಿಯವರು ಪಾದ್ರಿಗಳ ಮಕ್ಕಳು ಶಾಲೆಗೆ ಸೇರುವ ವಯಸ್ಸಿಗೆ ಯುರೋಪಿಗೆ ಮರಳಬೇಕೆಂದು ನಿಯಮ ಮಾಡಿ, ಅವರಿಗಾಗಿ ಬಾಸೆಲಿನಲ್ಲಿ ವಸತಿಗೃಹವನ್ನು ಏರ್ಪಡಿಸಿದರು. ತಂದೆತಾಯಿಗಳು ಇಲ್ಲಿ, ಮಕ್ಕಳು ಅಲ್ಲಿ. ನಡುವೆ ಸಮುದ್ರ, ಮತ್ತು ತಿಂಗಳುಗಳ ಮೇಲೆ ತಲಪುವ ಕಾಗದ. ಈ ನಿಯಮಕ್ಕೆ ಮುಂಚೆಯೂ ವಾಡಿಕೆಯು ಇದೇ ಆಗಿದ್ದಿತು.

ಹೆರ್ಮನ್ ಗುಂಡರ್ಟರ ಮನೆಯನ್ನು ನೋಡಿರಿ. ಮಲಯಾಳ ನಿಘಂಟನ್ನು ರಚಿಸಿ ಕೀರ್ತಿವಂತರಾದ ಇವರು 1857ರಲ್ಲಿ ಮಲಬಾರು ಮತ್ತು ಕನ್ನಡ ಜಿಲ್ಲೆಗಳ ಶಾಲೆಗಳಿಗೆ ತನಿಖಾಧಿಕಾರಿಗಳಾಗಿದ್ದರು. ಇವರ ಮಗಳು ಮರೀ ಹುಟ್ಟಿದುದು 1842ರಲ್ಲಿ, ತಲಚೇರಿಯಲ್ಲಿ. 1846ರ ಸುಮಾರಿಗೆ ಯುರೋಪಿಗೆ ಹೋದ ದಂಪತಿಗಳು ತಮ್ಮ ಕೆಲಸಕ್ಕೆ ಹಿಂದಿರುಗುವಾಗ ಆಕೆಯನ್ನೂ ಆಕೆಯ ಅಣ್ಣಂದಿರನ್ನೂ ಅಲ್ಲಿಯೇ ಬಿಟ್ಟು ಬಂದರು. ಮಗುವಿಗೆ ಆಗ ಸುಮಾರು ನಾಲ್ಕು ವರ್ಷ. ಆಕೆಯು ಮರಳಿ ಇಂಡಿಯಕ್ಕೆ ಬಂದುದು 1857ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ತಾಯಿ ಜೂಲಿಯವರು ಇಲ್ಲಿ ಬೇರೆಯವರ ಹೆಣ್ಣುಮಕ್ಕಳಿಗೆ ಓದು ಕಲಿಸುತ್ತಿದ್ದ ಆ ದಿನಗಳಲ್ಲಿ ಅವರ ಸ್ವಂತ ಮಗಳು ಪರರ ಕೈಯಲ್ಲಿ ಬೆಳೆಯುತ್ತಿದ್ದಳು.

ಇವರನ್ನು ಕಲ್ಲೆದೆಯವರೆಂದು ಹೇಳುವುದು ಸುಲಭ. ಆದರೆ ಅದು ನ್ಯಾಯವಾಗದು. ದೇವರು ಕರೆದ ಕೆಲಸಕ್ಕೆ ಹೊರಟವನ ಮಕ್ಕಳನ್ನು ದೇವರೇ ಕಾಯುವನೆಂಬ ನಂಬಿಕೆಯಿಂದ ಅವರು ಆ ಅಗಲಿಕೆಯನ್ನು ಸಹಿಸಿದರು. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಶರಣಾಗತಿ. ಶರಣಾಗತಿಗೆ ಆರು ಅಂಗಗಳನ್ನು ಹೇಳಿರುವರು. ಅವುಗಳಲ್ಲಿ ದೇವರು ಕಾಪಾಡಿಯೇ ಕಾಪಾಡುವನೆಂಬ ಮಹಾವಿಶ್ವಾಸವು ಒಂದು, ತನ್ನನ್ನು ಅವನಲ್ಲಿ ಒಪ್ಪಿಸಿಬಿಡುವ ಆತ್ಮನಿಕ್ಷೇಪವು ಮತ್ತೊಂದು. ಇದಕ್ಕೆ ನ್ಯಾಸವೆಂಬ ಹೆಸರೂ ಉಂಟು. ನ್ಯಾಸವೆಂದರೂ ನಿಕ್ಷೇಪವೆಂದರೂ ನಂಬಿಕಸ್ಥನ ಬಳಿ ಇಟ್ಟ ಒಡವೆ. ಮತವು ಬೇರೆ, ದೇವರ ಹೆಸರು ಬೇರೆ. ಆದರೆ ಮಂಗಳೂರಿನ ಪಾದ್ರಿಯ ಮಡದಿ ಮಾಡಿದುದನ್ನೂ ರಾಯಚರ್ಲಿನ ತಾಯಿ ಮಾಡಿದುದನ್ನೂ ಒಂದೇ ಪದವು ಹಿಡಿಯಬಲ್ಲುದು.

ಇಲ್ಲಿಯೇ ನನ್ನ ಸಂದೇಹವೊಂದು ತಲೆಯೆತ್ತುತ್ತದೆ. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಸೇರಿದೆ. ಇಟ್ಟ ಒಡವೆಯು ಇಟ್ಟಂತೆಯೇ ಮರಳಿ ಬರಬೇಕೆಂಬುದು ಅದರ ಧರ್ಮ. ಹೊನ್ನಾದರೆ ಹಾಗೆ ಬಂದೀತು. ಮಗುವು ಹೇಗೆ ಬರಬೇಕು? ನಾಲ್ಕು ವರ್ಷದ ಮರೀಯನ್ನು ಇಟ್ಟವರಿಗೆ ಹದಿನೈದು ವರ್ಷದ ಮರೀ ದೊರೆತಳು. ಪ್ರಾಣಕ್ಕೆ ಅಪಾಯವಾಗಲಿಲ್ಲ, ವಿದ್ಯೆಗೆ ಕೊರತೆಯಾಗಲಿಲ್ಲ. ಪ್ರಾರ್ಥನೆ ಸಫಲವಾಯಿತೆಂದು ಅವರು ಸ್ತುತಿಸಿದ್ದರೆ ತಪ್ಪೇನೂ ಇಲ್ಲ. ಆದರೆ ನಡುವಣ ಹತ್ತು ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ಮತ್ತೊಂದು ಮಾತು. ಆತ್ಮನಿಕ್ಷೇಪವೆಂದರೆ ತನ್ನ ಆತ್ಮವನ್ನು ಒಪ್ಪಿಸುವುದು. ತಂದೆಯು ತನ್ನನ್ನು ಒಪ್ಪಿಸಿಕೊಳ್ಳಬಹುದು. ಮಗುವಿನ ಆತ್ಮವು ಮಗುವಿನದು. ಅದನ್ನು ಕೇಳದೆಯೇ ಒಪ್ಪಿಸಿದರೆ, ನಂಬಿಕೆ ತಂದೆಯದಾದರೂ ಅದರ ಬೆಲೆಯನ್ನು ತೆರುವುದು ಮಗು.

ಮುಂದಿನ ಚರಿತ್ರೆಯನ್ನೂ ನೋಡಬೇಕು. ಮರೀಯು ತಂದೆತಾಯಿಗಳ ನಂಬಿಕೆಯನ್ನು ತೊರೆಯಲಿಲ್ಲ. ತಾನೂ ಮಿಷನ್ನಿನ ಕೆಲಸಕ್ಕೇ ನಿಂತಳು. ಮೊದಲ ಗಂಡ ಐಸೆನ್‌ಬರ್ಗರು 1870ರಲ್ಲಿ ತೀರಿಕೊಂಡ ಮೇಲೆ, 1869ರಿಂದ 1873ರವರೆಗೆ ಮಂಗಳೂರಿನಲ್ಲಿ ಪಾದ್ರಿಯಾಗಿದ್ದು ದೇಹಾಲಸ್ಯದಿಂದ ಹಿಂದಿರುಗಿದ ಯೊಹಾನ್ನೆಸ್ ಹೆಸ್ಸೆಯವರನ್ನು 1874ರಲ್ಲಿ ವಿವಾಹವಾದಳು. ಇವರ ಮಗನೇ ಜಗತ್ಪ್ರಸಿದ್ಧ ಲೇಖಕ ಹೆರ್ಮನ್ ಹೆಸ್ಸೆ. ಸಂಸಾರವು ಬಾಸೆಲಿನಲ್ಲಿಯೇ ಇದ್ದಾಗ, 1884ರಲ್ಲಿ, ತುಂಟತನವನ್ನು ತಾಳಲಾರದೆ ಈ ಬಾಲಕನನ್ನು ಮಿಷನ್ನಿನ ಹುಡುಗರ ವಸತಿಗೃಹದಲ್ಲಿ ಕೆಲವು ತಿಂಗಳು ಇರಿಸಿದರು. ಅವನಿಗೆ ಆಗ ಏಳು ವರ್ಷವೂ ತುಂಬಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಮೌಲ್‌ಬ್ರೋನ್ ಎಂಬಲ್ಲಿನ ಧರ್ಮಪಾಠಶಾಲೆಯಿಂದ ಓಡಿಹೋದನು. 1902ರಲ್ಲಿ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋಗಲಿಲ್ಲ. 1922ರಲ್ಲಿ ಪ್ರಕಟವಾದ ಅವನ 'ಸಿದ್ಧಾರ್ಥ'ದಲ್ಲಿ ಬ್ರಾಹ್ಮಣ ತಂದೆಯು ಮನೆ ಬಿಟ್ಟು ಹೊರಡುವ ಮಗನಿಗೆ ಮನಸ್ಸಿಲ್ಲದ ಮನಸ್ಸಿನಿಂದ ಅನುಮತಿ ಕೊಡುವನು. ಆ ಮಗನು ತಾನೇ ತಂದೆಯಾದಾಗ ಅವನ ಮಗನು ಹೇಳದೆಯೇ ಓಡಿಹೋಗುವನು. ಗ್ರಂಥಕರ್ತನ ಬಾಳಿನಿಂದಲೇ ಗ್ರಂಥವನ್ನು ಅರ್ಥಮಾಡುವ ಪದ್ಧತಿಯು ನನಗೆ ಅಷ್ಟು ಸಮ್ಮತವಲ್ಲ. ಆದರೂ ಮೂರು ತಲೆಮಾರು ಅಗಲಿಕೆಯನ್ನು ಕಂಡ ಮನೆಯಿಂದ ಈ ಕಥೆ ಬಂದುದು ಆಶ್ಚರ್ಯವೆಂದು ನನಗೆ ತೋರುವುದಿಲ್ಲ.

ಹಾಗಾದರೆ ದೈವರಕ್ಷಣೆಯ ನಂಬಿಕೆ ಬೇಡವೆಂದು ನಾನು ಹೇಳುವೆನೆ? ಇಲ್ಲ. ಆ ನಂಬಿಕೆಯಿಲ್ಲದಿದ್ದರೆ ಮಡದಿಯನ್ನು ಮಣ್ಣಿಗೆ ಒಪ್ಪಿಸಿದ ಕಿಟ್ಟೆಲರು ಮುಂದೆ ಮೂವತ್ತು ವರ್ಷ ಶಬ್ದಗಳನ್ನು ಕೂಡಿಡುತ್ತಿದ್ದರೋ ಇಲ್ಲವೋ. ಇಂದಿಗೂ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ವಸತಿಶಾಲೆಗಳಲ್ಲಿರುವರು. ಕಳುಹಿಸಿದವರು ದೇವರಿಗೆ ಹರಕೆ ಹೊತ್ತಿರುವರು, ಅದು ಒಳ್ಳೆಯದೇ. ಆದರೆ ಹರಕೆ ಹೊತ್ತೆನೆಂಬ ಸಮಾಧಾನವು ಮಗುವನ್ನು ವಿಚಾರಿಸುವ ಕೆಲಸವನ್ನು ಮುಗಿಸುವುದಿಲ್ಲ.

ರಜೆಗೆ ನಾನು ಊರಿಗೆ ಬಂದಾಗ ನನ್ನ ತಾಯಿ ಮುಡಿಪನ್ನು ಬಿಚ್ಚುವ ಮೊದಲು ಬಾಗಿಲಲ್ಲಿಯೇ ನಿಲ್ಲಿಸಿ ನನ್ನ ತಲೆ, ಬೆನ್ನು, ಕೈಕಾಲುಗಳನ್ನು ಸವರಿ ನೋಡುತ್ತಿದ್ದಳು. ದೇವರು ಕಾದಿರುವನೆಂಬುದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೂ ಸವರಿ ನೋಡುವುದನ್ನು ಒಮ್ಮೆಯೂ ಬಿಡಲಿಲ್ಲ. ಜೂಲಿಯವರಿಗೆ ಆ ಭಾಗ್ಯವು ಹತ್ತು ವರ್ಷ ದೊರೆಯಲಿಲ್ಲ.