ಕೇದಾರದ ಕಣಿವೆಯೂ ಕನ್ನಡ ನಾಡೂ

(ಬಳಗದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಹಿಮಾಲಯದ ಇತಿಹಾಸವನ್ನೂ ಸೌಂದರ್ಯವನ್ನೂ ಒಂದು ಉಪನ್ಯಾಸದಲ್ಲಿ ಹಿಡಿದಿಡಲು ಹೊರಡುವುದು ಕಡಲನ್ನು ಬೊಗಸೆಯಲ್ಲಿ ತುಂಬುವ ಸಾಹಸವಾದೀತು. ಆದ್ದರಿಂದ ಗಢವಾಲ ಪ್ರಾಂತದ ಒಂದೇ ಕಣಿವೆಯನ್ನು, ಕೇದಾರನಾಥನ ಪಾದದಿಂದ ಇಳಿದು ಬರುವ ಮಂದಾಕಿನಿಯ ಕಣಿವೆಯನ್ನು, ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ಹುಟ್ಟಿದ ನಾಡಿನಿಂದ ದೂರ ಬಂದವನು ತಾನು ಬಾಳುವ ನೆಲಕ್ಕೆ ಏನಾಗಬೇಕು ಎಂಬ ಪ್ರಶ್ನೆ ಲಂಡನ್ನಿನ ಕನ್ನಡಿಗರಿಗೆ ಅಪರಿಚಿತವಲ್ಲ. ಆ ಪ್ರಶ್ನೆಯನ್ನು ನಿಮಗಿಂತ ಬಹು ಹಿಂದೆಯೇ ಎದುರಿಸಿದ ಕನ್ನಡಿಗರು ಈ ಕಣಿವೆಯಲ್ಲಿದ್ದಾರೆ.

ಕಣಿವೆಯ ರೂಪ

ಅಲಕನಂದೆಯೂ ಮಂದಾಕಿನಿಯೂ ಕೂಡುವ ರುದ್ರಪ್ರಯಾಗದಿಂದ ಉತ್ತರಕ್ಕೆ ಹೊರಟರೆ ಗುಪ್ತಕಾಶಿ, ಫಾಟಾ, ಸೋನಪ್ರಯಾಗಗಳನ್ನು ದಾಟಿ ಗೌರೀಕುಂಡವನ್ನು ಸೇರುತ್ತೇವೆ. ಅಲ್ಲಿಂದ ಮುಂದೆ ಕಾಲುದಾರಿ. ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಹೊಲಗದ್ದೆಗಳು ಮತ್ತು ಪೈನ್ ಮರಗಳು. ಏರಿದಂತೆ ಓಕ್ ಮರಗಳ ದಟ್ಟ ಕಾಡು. ಇನ್ನೂ ಮೇಲೆ ಭೂರ್ಜವೃಕ್ಷಗಳು. ಮರಗಳ ಎಲ್ಲೆ ಮುಗಿದ ಬಳಿಕ ‘ಬುಗ್ಯಾಲ್’ ಎಂದು ಗಢವಾಲಿಗರು ಕರೆಯುವ ಎತ್ತರದ ಹುಲ್ಲುಗಾವಲು. ದೇವಾಲಯವಿರುವುದು ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿ. ಅದರ ಬೆನ್ನಿಗೆ 6,940 ಮೀಟರಿನ ಕೇದಾರನಾಥ ಶಿಖರ ಹಿಮದ ಗೋಡೆಯಂತೆ ನಿಂತಿದೆ. 1972ರಲ್ಲಿ ಸ್ಥಾಪಿತವಾದ ಇಲ್ಲಿನ ವನ್ಯಧಾಮದ ವಿಸ್ತಾರ 975 ಚದರ ಕಿಲೋಮೀಟರ್. ಕಸ್ತೂರಿಮೃಗಕ್ಕೂ ನವಿಲಿನಂತೆ ಹೊಳೆಯುವ ಮೋನಾಲ್ ಹಕ್ಕಿಗೂ ಅದು ಆಶ್ರಯ.

ವಸಂತದಲ್ಲಿ ಇಲ್ಲಿನ ಓಕ್ ಕಾಡುಗಳ ನಡುವೆ ‘ಬುರಾಂಸ್’ ಮರಗಳು ಕೆಂಪಗೆ ಹೂತು ನಿಲ್ಲುತ್ತವೆ. ಸಸ್ಯಶಾಸ್ತ್ರಜ್ಞರು ರೋಡೊಡೆಂಡ್ರಾನ್ ಎನ್ನುವುದು ಇದನ್ನೇ. ಇದೇ ಜಾತಿಯ ಮರ ಎರಡು ಸಾವಿರ ಕಿಲೋಮೀಟರಿಗೂ ದಕ್ಷಿಣದಲ್ಲಿ, ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ ಬಡಗರ ನೀಲಗಿರಿಯಲ್ಲಿಯೂ ಉಂಟು. ನಡುವಣ ಬಯಲು ಸೀಮೆಯಲ್ಲಿ ಇಲ್ಲ. ಹಿಮಯುಗದಲ್ಲಿ ದಕ್ಷಿಣದವರೆಗೂ ಹಬ್ಬಿದ್ದ ಸಸ್ಯಸಂಕುಲ, ನೆಲ ಬಿಸಿಯಾದಂತೆ ಎತ್ತರದ ತಂಪಿನಲ್ಲಿ ಮಾತ್ರ ಉಳಿದಿರಬೇಕೆಂದು ವಿದ್ವಾಂಸರ ಊಹೆ. ಇದರ ಸೋದರ ಜಾತಿಗಳನ್ನು ಕಾಣಲು ನೀವು ದೂರ ಹೋಗಬೇಕಾಗಿಲ್ಲ. ಜೋಸೆಫ್ ಹೂಕರ್ 1840ರ ದಶಕದ ಕೊನೆಯಲ್ಲಿ ಸಿಕ್ಕಿಮಿನಲ್ಲಿ ಸಂಗ್ರಹಿಸಿದ ರೋಡೊಡೆಂಡ್ರಾನ್‌ಗಳು ಕ್ಯೂ ಉದ್ಯಾನಕ್ಕೆ ಬಂದು ಬೇರೂರಿದವು. ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸಿ.

ಹೆಸರಿನ ಪಯಣ

ಕೇದಾರನ ಗುಡಿಯನ್ನು ಪಾಂಡವರು ಕಟ್ಟಿದರೆಂದೂ ಶಂಕರಾಚಾರ್ಯರು ಜೀರ್ಣೋದ್ಧಾರ ಮಾಡಿದರೆಂದೂ ಪರಂಪರೆ ಹೇಳುತ್ತದೆ. ಪರಂಪರೆಗೆ ಅದರದೇ ಗೌರವವುಂಟು. ಇತಿಹಾಸಕಾರ ಆಶ್ರಯಿಸುವುದು ಬರಹದ ಆಧಾರವನ್ನು. 12ನೆಯ ಶತಮಾನದ ಲಕ್ಷ್ಮೀಧರನ ‘ಕೃತ್ಯಕಲ್ಪತರು’ ಕೇದಾರವನ್ನು ತೀರ್ಥವೆಂದು ಹೆಸರಿಸುತ್ತದೆ. ಸರಿಸುಮಾರು ಅದೇ ಕಾಲಕ್ಕೆ, ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ‘ದಕ್ಷಿಣ ಕೇದಾರ’ವೆಂದು ಶಾಸನಗಳಲ್ಲಿ ಹೊಗಳಿಸಿಕೊಂಡ ಕೇದಾರೇಶ್ವರ ದೇವಾಲಯ ಪ್ರವರ್ಧಮಾನದಲ್ಲಿತ್ತು. ಅದಕ್ಕೆ ಸೇರಿದ ಕೋಡಿಯ ಮಠ ಕಾಳಾಮುಖ ಯತಿಗಳದು. 1162ರ ಶಾಸನವು ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ಸ್ಥಾನವೆಂದೂ, ದೀನರಿಗೂ ಅಂಗವಿಕಲರಿಗೂ ಅನ್ನವಿಕ್ಕುವ, ರೋಗಿಗಳಿಗೆ ಔಷಧ ನೀಡುವ ತಾಣವೆಂದೂ ವರ್ಣಿಸುತ್ತದೆ. ಹಳೇಬೀಡಿನಲ್ಲಿಯೂ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕೇದಾರೇಶ್ವರನ ಗುಡಿ ಎದ್ದಿತು. ಕನ್ನಡಿಗರು ದೂರದ ಹಿಮಗಿರಿಯ ಹೆಸರನ್ನು ತಮ್ಮ ಊರಿಗೆ ತಂದು ನೆಲೆಗೊಳಿಸಿದ್ದರು ಎಂಬುದಕ್ಕೆ ಇವು ಕಲ್ಲಿನ ಸಾಕ್ಷಿಗಳು.

ರಾವಲರ ಪರಂಪರೆ

ಹೆಸರು ದಕ್ಷಿಣಕ್ಕೆ ಬಂದಂತೆ ಜನರು ಉತ್ತರಕ್ಕೆ ಹೋದರು. ಕೇದಾರನಾಥದ ಪ್ರಧಾನರಾದ ರಾವಲರು ಇಂದಿಗೂ ಕರ್ನಾಟಕ ಮೂಲದ ವೀರಶೈವ ಜಂಗಮ ಪರಂಪರೆಯವರು. ಬಾಳೆಹೊನ್ನೂರು, ಉಜ್ಜಿನಿ, ಶ್ರೀಶೈಲ, ಕಾಶಿಗಳೊಡನೆ ವೀರಶೈವ ಪಂಚಪೀಠಗಳಲ್ಲಿ ಎಣಿಸಲ್ಪಡುವ ಕೇದಾರಪೀಠವು ಇದೇ ಕಣಿವೆಯ ಊಖೀಮಠದಲ್ಲಿದೆ. ರಾವಲರು ನೈಷ್ಠಿಕ ಬ್ರಹ್ಮಚಾರಿಗಳು. ಗರ್ಭಗುಡಿಯ ನಿತ್ಯಪೂಜೆಯನ್ನು ಅವರು ತಾವೇ ಮಾಡುವುದಿಲ್ಲ. ಅವರ ಅಪ್ಪಣೆ ಪಡೆದ ಅರ್ಚಕರು ಮಾಡುತ್ತಾರೆ. ಆ ಅರ್ಚಕರೂ ಕನ್ನಡ ನಾಡಿನ ಜಂಗಮ ಮನೆತನಗಳಿಂದ ಬಂದವರೇ.

ಇವರ ವರ್ಷವೇ ಪರ್ವತದ ವರ್ಷ. ಶಿವರಾತ್ರಿಯ ದಿನ ಊಖೀಮಠದಲ್ಲಿ ಬಾಗಿಲು ತೆರೆಯುವ ಮುಹೂರ್ತದ ಘೋಷಣೆ. ವೈಶಾಖದ ಹೊತ್ತಿಗೆ ಉತ್ಸವಮೂರ್ತಿಯ ಪಲ್ಲಕ್ಕಿ ಮೇಲಕ್ಕೆ. ದೀಪಾವಳಿಯ ಬೆನ್ನಿಗೇ ಬಾಗಿಲು ಮುಚ್ಚಿ ಪಲ್ಲಕ್ಕಿ ಕೆಳಕ್ಕೆ. ಹಿಮ ಮುಚ್ಚಿದ ಆರು ತಿಂಗಳು ಪೂಜೆಯೆಲ್ಲ ಸುಮಾರು 1,300 ಮೀಟರ್ ಎತ್ತರದ ಊಖೀಮಠದ ಓಂಕಾರೇಶ್ವರ ದೇಗುಲದಲ್ಲಿ. ಪಲ್ಲಕ್ಕಿಯ ಹಾದಿಯುದ್ದಕ್ಕೂ ಹಳ್ಳಿಗರು ದೇವರನ್ನು ತಮ್ಮ ಮನೆಯ ಹಿರಿಯನೆಂಬಂತೆ ಎದುರುಗೊಂಡು, ಬೀಳ್ಕೊಡುತ್ತಾರೆ.

ಹೊರಗಿನವನಿಗೆ ಈ ಸ್ಥಾನವೇಕೆ ಎಂಬ ಪ್ರಶ್ನೆ ಏಳದಿರುವುದಿಲ್ಲ. ನೇಪಾಳದ ಪಶುಪತಿನಾಥನಲ್ಲಿ ಕರ್ನಾಟಕದ ಭಟ್ಟರು ಪೂಜಿಸುವ ರೂಢಿಯನ್ನು ಬದಲಿಸಲು 2009ರ ಆರಂಭದಲ್ಲಿ ಯತ್ನ ನಡೆದು, ತೀವ್ರ ವಿರೋಧ ಬಂದ ಮೇಲೆ ಅದು ನಿಂತಿತು. ಪ್ರಶ್ನೆ ಕೇಳಿದವರನ್ನು ಹಗೆಗಳೆಂದು ಎಣಿಸಬೇಕಾಗಿಲ್ಲ. ನೆಲದ ಮಕ್ಕಳಿಗೆ ಅದನ್ನು ಕೇಳುವ ಹಕ್ಕಿದೆ. ಅದಕ್ಕೆ ಉತ್ತರ ದೊರೆಯುವುದು ವರ್ಷವರ್ಷವೂ ತಪ್ಪದೆ ನಡೆದುಬಂದ ಸೇವೆಯಲ್ಲಿ.

ಆಳಿದವರು, ಅಳೆದವರು

ಕಣಿವೆಯನ್ನು ಬಹುಕಾಲ ಗಢವಾಲದ ಅರಸರು ಆಳಿದರು. 1803ರಲ್ಲಿ ಘೋರ ಭೂಕಂಪ. ಮರುವರ್ಷ ಗೂರ್ಖರೊಡನೆ ಕಾದಿ ಅರಸ ಪ್ರದ್ಯುಮ್ನ ಶಾಹ ಮಡಿದನು. 1815ರಲ್ಲಿ ಗೂರ್ಖರನ್ನು ಹಿಂದಟ್ಟಿದ ಈಸ್ಟ್ ಇಂಡಿಯಾ ಕಂಪೆನಿ, ರಾಜ್ಯದ ಒಂದು ಭಾಗವನ್ನು ಅರಸನ ಮಗನಿಗೆ ಮರಳಿಸಿ, ಕೇದಾರನಾಥವನ್ನೊಳಗೊಂಡ ಭಾಗವನ್ನು ತಾನೇ ಇಟ್ಟುಕೊಂಡಿತು.

ಹಿಮಾಲಯವನ್ನು ಅಳೆದ ಕಥೆಯ ಒಂದು ತುದಿಯೂ ಕನ್ನಡ ನಾಡಿನಲ್ಲಿದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನ ಬಳಿ ಭೂಮಾಪನದ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಿಂದ ಮಹಾಮಾಪನವನ್ನು ಆರಂಭಿಸಿದನು. ಅವನು ಬಳಸಿದ ಅರ್ಧ ಟನ್ ತೂಕದ ಕೋನಮಾಪಕವನ್ನು ಮಾಡಿದವನು ಲಂಡನ್ನಿನ ವಿಲಿಯಂ ಕ್ಯಾರಿ. ಆ ಸರಪಣಿಯನ್ನು ಡೆಹರಾಡೂನಿನವರೆಗೆ ಮುಟ್ಟಿಸಿದವನು ಜಾರ್ಜ್ ಎವರೆಸ್ಟ್. ಹೀಗೆ ಅಳೆಯುವವರೂ ಪೂಜಿಸುವವರೂ ದಕ್ಷಿಣದಿಂದಲೇ ಏರಿಹೋದರು. ಅಳೆದವರು ನಕ್ಷೆಯೊಡನೆ ಮರಳಿದರು, ಪೂಜಿಸಿದವರು ಉಳಿದರು.

ಮರವನ್ನಪ್ಪಿದ ಜನ

1973ರಲ್ಲಿ ನೇಗಿಲು ನೊಗಗಳಿಗೆಂದು ಆ ಸೀಮೆಯ ಗ್ರಾಮಸಂಘವೊಂದು ಕೇಳಿದ ಆ್ಯಶ್ ಮರಗಳನ್ನು ಸರಕಾರ ಕೊಡಲೊಪ್ಪದೆ, ಕ್ರೀಡಾಸಾಮಗ್ರಿಯ ಕಂಪೆನಿಗೆ ಗುತ್ತಿಗೆ ನೀಡಿತು. ಚಂಡೀಪ್ರಸಾದ ಭಟ್ಟರ ನೇತೃತ್ವದಲ್ಲಿ ಜನ ಎದ್ದುನಿಂತರು. ಮೊದಲು ಮಂಡಲ ಗ್ರಾಮದಲ್ಲಿ, ಬಳಿಕ ಕೇದಾರದ ದಾರಿಯಲ್ಲೇ ಇರುವ ಫಾಟಾ-ರಾಂಪುರದ ಕಾಡಿನಲ್ಲಿ ಅವರು ಮರಗಳನ್ನು ಕಾದು ಉಳಿಸಿಕೊಂಡರು. ಅದೇ ಚಿಪ್ಕೊ ಚಳವಳಿ. ಹತ್ತು ವರ್ಷಗಳ ಬಳಿಕ, 1983ರ ಸೆಪ್ಟೆಂಬರಿನಲ್ಲಿ, ಶಿರಸಿಯ ಸಾಲ್ಕಣಿಯಲ್ಲಿ ನಮ್ಮವರು ಮರಗಳನ್ನಪ್ಪಿದಾಗ ಆ ಹಿಂದೀ ಹೆಸರು ಕನ್ನಡದ ‘ಅಪ್ಪಿಕೊ’ ಆಯಿತು. ಹಿಂದೆ ಬಳ್ಳಿಗಾವೆಗೆ ದೇವರ ಹೆಸರು ಬಂದ ಹಾದಿಯಲ್ಲೇ ಈಗ ಕಾಡನ್ನು ಕಾಯುವ ಧರ್ಮವೂ ಬಂದಿತು.

2013ರ ಜಲಪ್ರಳಯ

2013ರ ಜೂನ್ 16 ಮತ್ತು 17ರಂದು, ಅಕಾಲಕ್ಕೆ ಮುನ್ನುಗ್ಗಿದ ಮುಂಗಾರಿನ ಅತಿವೃಷ್ಟಿಯಿಂದ ಕಣಿವೆ ತತ್ತರಿಸಿತು. ದೇಗುಲದ ಮೇಲ್ಗಡೆಯ ಚೋರಾಬಾರಿ ಸರೋವರದ ದಂಡೆ ಒಡೆದು, ನೀರೂ ಬಂಡೆಗಳೂ ಒಮ್ಮೆಲೆ ಕೆಳಗೆ ನುಗ್ಗಿದವು. ಗುಡಿಯ ಹಿಂದೆ ಬಂದು ನಿಂತ ಹೆಬ್ಬಂಡೆಯೊಂದು ಪ್ರವಾಹವನ್ನು ಇಬ್ಭಾಗವಾಗಿ ಸೀಳಿದ್ದರಿಂದ ಗುಡಿ ಉಳಿಯಿತು. ಸುತ್ತಲಿನ ಪೇಟೆ ಉಳಿಯಲಿಲ್ಲ. ದಾರಿಯ ರಾಂಬಾಡಾ ಎಂಬ ನೆಲೆ ಹೆಸರಿಲ್ಲದಂತಾಯಿತು. ರಾಜ್ಯದಲ್ಲಿ ಸಾವಿರಾರು ಮಂದಿ ಸತ್ತರು. ಎಷ್ಟೋ ಮಂದಿಯ ದೇಹಗಳೂ ಸಿಗಲಿಲ್ಲ. ಯಾತ್ರಿಕರನ್ನು ಹೊತ್ತು, ಕುದುರೆ ನಡೆಸಿ, ಚಹಾ ಮಾರಿ ಬದುಕುತ್ತಿದ್ದ ಕಣಿವೆಯ ಹಳ್ಳಿಗಳು ತಮ್ಮ ದುಡಿಯುವ ಗಂಡಸರನ್ನು ಕಳೆದುಕೊಂಡವು. ಸೆಪ್ಟೆಂಬರ್ 11ರಂದು ಗುಡಿಯಲ್ಲಿ ಪೂಜೆ ಮತ್ತೆ ಆರಂಭವಾಯಿತು.

ಮಳೆ ದೈವಾಧೀನ. ನದಿಯ ಪಾತ್ರದಲ್ಲಿ ಕಟ್ಟಿದ ಕಟ್ಟಡಗಳು ಮನುಷ್ಯರವು. ಈ ಭೇದವನ್ನು ಮರೆತರೆ ಸತ್ತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ನಮ್ಮ ಪಾಲಿನ ಹೊಣೆ

2023ರ ಒಂದೇ ಯಾತ್ರಾಕಾಲದಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಕೇದಾರಕ್ಕೆ ಹೋದರು. ಊರಿಗೆ ರಜೆಗೆ ಹೋದ ನಮ್ಮ ಕುಟುಂಬಗಳೂ ಆ ಗುಂಪಿನಲ್ಲಿ ಸೇರುತ್ತವೆ. ವೃದ್ಧ ತಂದೆತಾಯಿಯರ ಆಸೆ ತೀರಿಸುವುದು ಪುಣ್ಯಕಾರ್ಯವೇ. ಆದರೆ ಒಂದೇ ಹಗಲಿನಲ್ಲಿ ಹೆಲಿಕಾಪ್ಟರಿನಲ್ಲಿ ಹಾರಿ, ದರ್ಶನ ಮುಗಿಸಿ ಇಳಿದುಬರುವವನಿಗೆ ಕೇದಾರ ಕಾಣುತ್ತದೆ, ಕಣಿವೆ ಕಾಣುವುದಿಲ್ಲ. ಸಾಧ್ಯವಿದ್ದವರು ಮಳೆಗಾಲ ಕಳೆದ ಮೇಲೆ ಹೋಗಿ. ಊಖೀಮಠದಲ್ಲಿ ಎರಡು ದಿನ ತಂಗಿ. ಹಿರಿಯರಿಗೆ ದಣಿವಾರಲಿ, ಹಳ್ಳಿಗರ ಕೈಗೂ ನಾಲ್ಕು ಕಾಸು ಸೇರಲಿ. ಒಯ್ದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ತನ್ನಿ.

ಜಂಗಮವೆಂದರೆ ಚಲಿಸುವುದು. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ 2015ರ ನವೆಂಬರ್ 14ರಂದು ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಅದರೆದುರು ನಿಂತಾಗಲೆಲ್ಲ ಈ ಮಾತು ಮನಸ್ಸಿಗೆ ಬರಬೇಕು. ಚಲಿಸಿ ಬಂದವರು ನೀವೂ ಹೌದು. ಕೇದಾರದ ಕನ್ನಡಿಗರು ತಮ್ಮ ಮಾತನ್ನು ಬಿಡದೆ ಆ ಕಣಿವೆಯ ಚಳಿಯನ್ನೂ ಹಬ್ಬವನ್ನೂ ಸಾವುನೋವನ್ನೂ ತಮ್ಮದಾಗಿಸಿಕೊಂಡರು. ಪರಸ್ಥಳವು ಸ್ವಸ್ಥಳವಾಗುವುದು ಆ ಬಗೆಯಲ್ಲಿ. ನಿಮ್ಮ ಮಕ್ಕಳು ಈ ನಗರವನ್ನು ಹಾಗೆಯೇ ತಮ್ಮದಾಗಿಸಿಕೊಳ್ಳಲಿ, ಹಿಮಾಲಯವನ್ನೂ ತಮ್ಮದೆಂದೇ ಕಾಯಲಿ ಎಂದು ಹಾರೈಸುತ್ತೇನೆ.