ಪತ್ತು ಎಂಬ ಎರಡಕ್ಷರ: ನಮ್ಮ ಸೀಮೆಯ ಸಹಕಾರ ಸಂಘಗಳನ್ನು ಕುರಿತು

ಪ್ರತಿವರ್ಷ ಆಗಸ್ಟ್-ಸೆಪ್ಟೆಂಬರ್ ತಿಂಗಳು ಬಂದಿತೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಊರೂರುಗಳಲ್ಲಿ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ಜರುಗುತ್ತವೆ. ಸದಸ್ಯರ ಮನೆಗಳಿಗೆ ವರದಿಯ ಪುಸ್ತಿಕೆ ಬರುತ್ತದೆ. ಮೊದಲ ಪುಟದಲ್ಲಿ ಆಡಳಿತ ಮಂಡಳಿಯವರ ಭಾವಚಿತ್ರಗಳು, ಮುಂದೆ ಅಂಕಿಗಳ ಸಾಲು. ಬಹಳ ಜನ ಭಾವಚಿತ್ರಗಳನ್ನು ನೋಡಿ ಪುಸ್ತಿಕೆಯನ್ನು ಮಡಿಸಿಡುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ದೂರವಾಣಿಯಲ್ಲಿ ಕೇಳಿದರು: “ಮೇಷ್ಟ್ರೇ, ನಮ್ಮ ತಂದೆಯವರ ಹೆಸರಿನಲ್ಲಿ ಊರ ಸೊಸೈಟಿಯಲ್ಲಿ ಷೇರು ಇದೆಯಂತೆ. ಅದರಿಂದ ಏನು ಪ್ರಯೋಜನ?” ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದಿಂದಲೇ ಆರಂಭಿಸೋಣ. ‘ಪತ್ತಿನ ಸಹಕಾರ ಸಂಘ’ ಎಂಬಲ್ಲಿನ ‘ಪತ್ತು’ ಮರಾಠಿಯ ‘ಪತ್’ ಎಂಬ ಮಾತಿನಿಂದ ಬಂದದ್ದು. ಅದಕ್ಕೆ ಸಾಲ ಎಂಬುದಕ್ಕಿಂತ ಮೊದಲಿನ ಅರ್ಥ ನಂಬಿಕೆ, ವಿಶ್ವಾಸಾರ್ಹತೆ. ಒಬ್ಬನಿಗೆ ಪತ್ತು ಇದೆ ಎಂದರೆ ಅವನ ಮಾತನ್ನು ನಂಬಿ ಹಣ ಕೊಡಬಹುದು ಎಂದರ್ಥ. ಆಸ್ತಿ ಇಲ್ಲದವನಿಗೂ ಪತ್ತು ಇರಬಹುದು. ಆಸ್ತಿ ಇದ್ದವನಿಗೂ ಇಲ್ಲದಿರಬಹುದು. ಸಹಕಾರ ಚಳವಳಿಯ ಇತಿಹಾಸವೆಲ್ಲ ಈ ಎರಡಕ್ಷರದ ಸುತ್ತಲೇ ಬೆಳೆದಿದೆ.

ಸಾಲದ ಹಳೆಯ ದಾರಿಗಳು

ನಮ್ಮ ಮೂರು ತಾಲ್ಲೂಕುಗಳ ಸ್ವಭಾವ ಒಂದೇ ಅಲ್ಲ. ಕಡೂರು ಮಳೆಯ ನೆರಳಿನ ಬಯಲುಸೀಮೆ. ರಾಗಿ, ತೆಂಗು, ಈರುಳ್ಳಿಯ ನಾಡು. ತರೀಕೆರೆ ಮಲೆನಾಡಿನ ಹೊಸ್ತಿಲು. ಕೆರೆ ಹಾಗೂ ಭದ್ರೆಯ ನೀರಿನ ಆಸರೆಯಲ್ಲಿ ಅಡಿಕೆ, ಭತ್ತ. 2018ರಲ್ಲಿ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದ್ದು ಈರುಳ್ಳಿ ಬೆಳೆಯುವ ಹೊಲಗಳ ಬಯಲು, ಅಮೃತಮಹಲ್ ದನಗಳ ಕಾವಲು. ಆದರೆ ಒಂದು ವಿಷಯದಲ್ಲಿ ಮೂರೂ ಸಮಾನ. ಬಿತ್ತುವ ಕಾಲಕ್ಕೆ ಕೈಯಲ್ಲಿ ಹಣ ಇರುವುದಿಲ್ಲ. ಹಣ ಬರುವ ಕಾಲಕ್ಕೆ ಅದು ಬೇರೆಯವರದಾಗಿರುತ್ತದೆ.

ನಮ್ಮ ಹಿರಿಯರಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ದುಡಿಮೆಯನ್ನು ಹೀಗೆ ಸಾಲವಾಗಿ ಕೊಟ್ಟು ತೀರಿಸಿಕೊಳ್ಳುವುದು ಸುಲಭವಾಗಿತ್ತು. ಹಣದ ವಿಷಯ ಹಾಗಿರಲಿಲ್ಲ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಉಳಿದವರು ಸಾಲದ ಹೊರೆ ಹೊತ್ತು ಉಳಿದರು. 1880ರ ದಶಕದ ಕೊನೆಯ ವೇಳೆಗೆ ಬೆಂಗಳೂರು-ಹರಿಹರ ರೈಲು ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಓಡಿತು. 1899ರಲ್ಲಿ ಬೀರೂರು-ಶಿವಮೊಗ್ಗ ಕವಲುದಾರಿ ತರೀಕೆರೆಯನ್ನೂ ಸೇರಿಸಿಕೊಂಡಿತು. ರೈಲಿನೊಡನೆ ದೂರದ ಮಾರುಕಟ್ಟೆ ಬಂದಿತು, ಮಂಡಿಯ ಸಾಹುಕಾರರ ಮುಂಗಡವೂ ಬಂದಿತು. ಮುಂಗಡ ಕೊಟ್ಟವರಿಗೇ ಅಡಿಕೆಯನ್ನೋ ಕೊಬ್ಬರಿಯನ್ನೋ ಕೊಡಬೇಕು, ಅವರು ಹೇಳಿದ ಬೆಲೆಗೇ ಕೊಡಬೇಕು. ಬಡ್ಡಿಗಿಂತ ಈ ಕಟ್ಟುಪಾಡೇ ರೈತನನ್ನು ಹೆಚ್ಚು ಬಡವನನ್ನಾಗಿಸಿತು ಎಂದು ನನ್ನ ಅಭಿಪ್ರಾಯ.

ತರಗತಿಯಲ್ಲಿ ನಾನು ಹೇಳುತ್ತಿದ್ದ ಲೆಕ್ಕ ನಿಮಗೆ ನೆನಪಿರಬಹುದು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕೇಳಲು ಅಲ್ಪ. ವರ್ಷಕ್ಕೆ ಅದು 36 ರೂಪಾಯಿ. ಐವತ್ತು ಸಾವಿರ ಸಾಲಕ್ಕೆ ವರ್ಷದ ಬಡ್ಡಿಯೇ ಹದಿನೆಂಟು ಸಾವಿರ. ಮೂರು ವರ್ಷ ಮಳೆ ಕೈಕೊಟ್ಟರೆ ಅಸಲಿಗಿಂತ ಬಡ್ಡಿಯೇ ದೊಡ್ಡದಾಗುತ್ತದೆ.

ಕಾಯಿದೆ ಬಂದ ಬಗೆ

ಜರ್ಮನಿಯ ರೈಫೈಸನ್ (1818-1888) ಎಂಬ ಮಹನೀಯರು ಗ್ರಾಮಗಳ ಆಡಳಿತಾಧಿಕಾರಿಯಾಗಿದ್ದವರು. 1846-47ರ ಕ್ಷಾಮದಲ್ಲಿ ಬಡವರಿಗೆ ರೊಟ್ಟಿ ಹಂಚುವ ಸಂಘ ಕಟ್ಟಿದರು. ದಾನ ಎಷ್ಟು ದಿನ ನಡೆದೀತು? ಹಳ್ಳಿಗರು ತಾವೇ ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಪಡೆಯುವ ಸಂಘವನ್ನು ಅವರು 1864ರಲ್ಲಿ ರೂಪಿಸಿದರು. ಅವರ ನಿಯಮಗಳು ಸರಳವಾಗಿದ್ದವು. ಪರಸ್ಪರ ಪರಿಚಯವಿರುವಷ್ಟು ಚಿಕ್ಕ ಪ್ರದೇಶ, ಸಂಬಳವಿಲ್ಲದ ಪದಾಧಿಕಾರಿಗಳು, ಒಬ್ಬರ ಬಾಕಿಗೆ ಎಲ್ಲರೂ ಹೊಣೆ, ಲಾಭವನ್ನು ಹಂಚದೆ ಕೂಡಿಡುವುದು. ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ವರದಿ ಬರೆದು, ಭಾರತಕ್ಕೂ ಇಂಥ ಒಬ್ಬ ರೈಫೈಸನ್ ಬೇಕು ಎಂಬ ತಾತ್ಪರ್ಯಕ್ಕೆ ಬಂದರು. ಅದರ ಫಲವೇ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ.

ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘ ಈ ಕಾಯಿದೆಯಡಿ ನೋಂದಣಿಯಾದ ದೇಶದ ಮೊದಮೊದಲ ಗ್ರಾಮೀಣ ಸಂಘಗಳಲ್ಲಿ ಒಂದು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರಕ್ಕೆ ಅಡಿಪಾಯ ಹಾಕಿದರು. ಆದರೆ ಗದಗ ಅಂದು ಮುಂಬಯಿ ಪ್ರಾಂತ್ಯ, ಪುತ್ತೂರು ಮದ್ರಾಸ್ ಪ್ರಾಂತ್ಯ. ನಾವು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯವರು. (1947ರಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬರುವವರೆಗೂ ಜಿಲ್ಲೆಗೆ ನಮ್ಮ ಕಡೂರಿನದೇ ಹೆಸರು!) ಬ್ರಿಟಿಷ್ ಇಂಡಿಯಾದ ಕಾಯಿದೆ ನಮಗೆ ಅನ್ವಯಿಸುತ್ತಿರಲಿಲ್ಲ.

ಮೈಸೂರಿಗೆ ಈ ವಿಚಾರ ಹೊಸದೇನೂ ಆಗಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿಯೇ, ಇಲ್ಲಿ ಕೃಷಿ ಬ್ಯಾಂಕುಗಳು ಹುಟ್ಟಿದ್ದವು. ಬಂಡವಾಳ ಸರ್ಕಾರದ್ದು, ಸಾಲ ಸದಸ್ಯರದ್ದು. ಬಾಕಿ ಬೆಳೆಯಿತು; ಬ್ಯಾಂಕುಗಳು ಸೊರಗಿದವು. ತಮ್ಮ ಉಳಿತಾಯದ ಒಂದು ಕಾಸೂ ಇಲ್ಲದ ಕಡೆ ಜನ ಕಾವಲು ಕಾಯುವುದಿಲ್ಲ ಎಂಬ ಪಾಠವನ್ನು ಅದು ಬಿಟ್ಟುಹೋಯಿತು. 1905ರಲ್ಲಿ ಮೈಸೂರು ತನ್ನದೇ ಸಹಕಾರ ಸಂಘಗಳ ಕಾಯಿದೆ ಮಾಡಿತು; ಅದೇ ವರ್ಷ ಬೆಂಗಳೂರು ನಗರದಲ್ಲಿ ಮೊದಲ ಸಂಘ ಹುಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಈ ಸಂಘಗಳಿಗೆಲ್ಲ ನೆತ್ತಿಯಾಗಿ ಪ್ರಾಂತೀಯ ಸಹಕಾರಿ ಬ್ಯಾಂಕ್ ಬಂದಿತು. ಇಂದಿನ ಅಪೆಕ್ಸ್ ಬ್ಯಾಂಕ್ ಅದೇ. ಮಂಡಿಯ ಕಟ್ಟುಪಾಡಿನಿಂದ ಅಡಿಕೆ ಬೆಳೆಗಾರನನ್ನು ಬಿಡಿಸಲು 1939ರಲ್ಲಿ ಶಿವಮೊಗ್ಗದಲ್ಲಿ ಆರಂಭವಾದ ಮ್ಯಾಮ್ಕೋಸ್ ಸಂಸ್ಥೆ ನಮ್ಮ ತರೀಕೆರೆ ಕಡೆಯ ತೋಟದವರಿಗೂ ಆಸರೆಯಾಯಿತು.

ಇಷ್ಟಾದರೂ 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಕಂಡುಕೊಂಡದ್ದೇನು? ರೈತರು ಮಾಡಿದ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಸುಮಾರು ಮೂರು. ಲೇವಾದೇವಿಗಾರರ ಪಾಲು ಸುಮಾರು ಎಪ್ಪತ್ತು. ಐವತ್ತು ವರ್ಷದ ಚಳವಳಿಗೆ ಮೂರೇ ಅಂಕ! ಗೋರ್ವಾಲಾ ಸಮಿತಿ 1954ರ ವರದಿಯಲ್ಲಿ ಸೋಲನ್ನು ಒಪ್ಪಿಕೊಂಡೂ ಕೈಬಿಡಬಾರದೆಂದು ಹೇಳಿತು. ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯಿದೆ ಅದರ ನಂತರದ್ದು. ಇಂದಿಗೂ ನಮ್ಮ ಸಂಘಗಳು ನಡೆಯುವುದು ಅದರಡಿಯಲ್ಲೇ. 1997ರ ಸೌಹಾರ್ದ ಕಾಯಿದೆ ಸರ್ಕಾರದ ಹಸ್ತಕ್ಷೇಪ ಕಡಿಮೆಯಿರುವ ಮತ್ತೊಂದು ದಾರಿ ತೆರೆಯಿತು.

ವರದಿಯನ್ನು ಓದುವ ಬಗೆ

ಈಗ ಪುಸ್ತಿಕೆಯನ್ನು ತೆರೆಯೋಣ. ಸಂಘ ಬೆಳೆಯಿತೇ ಇಲ್ಲವೇ ಎಂಬುದನ್ನು ಅಧ್ಯಕ್ಷರ ಭಾಷಣ ಹೇಳುವುದಿಲ್ಲ. ನಾಲ್ಕು ಅಂಕಿಗಳು ಹೇಳುತ್ತವೆ. ಹಿಂದಿನ ಎರಡು ವರ್ಷದ ವರದಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಒಂದು, ಠೇವಣಿ. ಊರಿನವರೇ ತಮ್ಮ ಉಳಿತಾಯವನ್ನು ಸಂಘದಲ್ಲಿಡುತ್ತಿದ್ದಾರೆಯೇ? ಅದು ಜನರ ನಂಬಿಕೆಯ ಅಳತೆ. ಎರಡು, ಸುಸ್ತಿಸಾಲ. ಸಾಲ ಹೆಚ್ಚು ಕೊಟ್ಟೆವೆಂಬುದು ಬೆಳವಣಿಗೆಯಲ್ಲ. ಕೊಟ್ಟದ್ದು ಮರಳಿ ಬಂದರೆ ಬೆಳವಣಿಗೆ. ಮೂರು, ಆಪದ್ಧನ ನಿಧಿ. ನಿವ್ವಳ ಲಾಭದಲ್ಲಿ ಕನಿಷ್ಠ ನಾಲ್ಕನೆಯ ಒಂದು ಭಾಗ ಇದಕ್ಕೆ ಹೋಗಬೇಕೆಂಬುದು ಕಾಯಿದೆ. ನಾಲ್ಕು, ಲೆಕ್ಕಪರಿಶೋಧಕರು ಕೊಟ್ಟ ವರ್ಗ: ಎ, ಬಿ, ಸಿ ಅಥವಾ ಡಿ. ಮಕ್ಕಳ ಪ್ರಗತಿಪತ್ರ ನೋಡುವಷ್ಟೇ ಕಾಳಜಿಯಿಂದ ಇದನ್ನೂ ನೋಡಬೇಕು.

ಸೇವೆಗಳ ಪಟ್ಟಿಯೂ ಈಗ ಉದ್ದವಾಗಿದೆ. ಸೊಸೈಟಿ ಎಂದರೆ ಪಡಿತರ, ಸೀಮೆಎಣ್ಣೆ, ರಸಗೊಬ್ಬರ ಎಂದಿದ್ದ ಕಾಲವನ್ನು ನಮ್ಮ ತಲೆಮಾರಿನವರು ಬಲ್ಲರು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರಿ ರೈತನಿಗೆ ವರ್ಷಕ್ಕೆ ಅರವತ್ತು ರೂಪಾಯಿ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆಯ ಭದ್ರತೆ ಕೊಟ್ಟಿತು. 2018ರಲ್ಲಿ ಅದು ಬೇರೆ ಯೋಜನೆಯಲ್ಲಿ ವಿಲೀನವಾಗಿ, 2022-23ರಲ್ಲಿ ಮತ್ತೆ ಆರಂಭವಾಯಿತು. ಸದಸ್ಯತ್ವದ ಚೀಟಿಯೊಂದು ಆಪರೇಷನ್ನಿಗೆ ನೆರವಾಗಬಹುದೆಂದು ನಮ್ಮ ತಂದೆಯವರ ಕಾಲದಲ್ಲಿ ಯಾರೂ ಊಹಿಸಿರಲಾರರು. ಅಲ್ಪಾವಧಿ ಬೆಳೆಸಾಲಕ್ಕೆ 2012-13ರಲ್ಲಿ ಒಂದು ಲಕ್ಷದವರೆಗೆ ಬಡ್ಡಿಯೇ ಇಲ್ಲದಂತೆ ರಾಜ್ಯ ಸರ್ಕಾರ ಮಾಡಿತು. ಮುಂದೆ ಮೂರು ಲಕ್ಷವಾಗಿದ್ದ ಆ ಮಿತಿಯನ್ನು 2023-24ರ ಆಯವ್ಯಯ ಐದು ಲಕ್ಷಕ್ಕೆ ಏರಿಸಿತು. ಆದರೆ ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ ಆ ಸೌಲಭ್ಯ.

ಇಲ್ಲಿಯೇ ತೊಡಕು. 2017ರಲ್ಲಿ ಸಹಕಾರ ಸಂಘಗಳ ಐವತ್ತು ಸಾವಿರದವರೆಗಿನ ಸಾಲ ಮನ್ನಾ ಆಯಿತು. 2018ರಲ್ಲಿ ಒಂದು ಲಕ್ಷದವರೆಗೆ. ಬರದಿಂದ ತೆಂಗಿನ ಸುಳಿ ಒಣಗಿದ ಕಡೂರಿನ ರೈತನಿಗೆ ಅದು ಜೀವದಾನವೇ ಸರಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವೆಂಬುದನ್ನು ಮರೆತು ಯಾರೂ ಮನ್ನಾವನ್ನು ಹಳಿಯಬಾರದು. ಆದರೂ, ಚಿನ್ನ ಅಡವಿಟ್ಟು ಗಡುವಿಗೆ ಸಾಲ ತೀರಿಸಿದ ರೈತನೊಬ್ಬ, “ತೀರಿಸಿ ಕೆಟ್ಟೆ ಮೇಷ್ಟ್ರೇ” ಎಂದು ನನ್ನೆದುರು ನಿಟ್ಟುಸಿರಿಟ್ಟದ್ದು ಕಿವಿಯಲ್ಲಿದೆ. ಸಾಲ ಮನ್ನಾ ಮಾಡಬಹುದು. ಆತ ಕಳೆದುಕೊಂಡ ಪತ್ತನ್ನು ಸರ್ಕಾರ ಹೇಗೆ ತುಂಬಿಕೊಡುತ್ತದೆ?

ಲಾಭ ಯಾರದ್ದು?

ಪುಸ್ತಿಕೆಯ ಕೊನೆಯ ಪುಟಗಳಲ್ಲಿ ಲಾಭ ವಿಲೇವಾರಿಯ ಪಟ್ಟಿ ಇರುತ್ತದೆ. ನನಗೆ ಅತ್ಯಂತ ಪ್ರಿಯವಾದ ಪುಟ ಅದು. ಬ್ರಿಟಿಷ್ ಇಂಡಿಯಾದ 1912ರ ಸಹಕಾರ ಕಾಯಿದೆಯಲ್ಲಿಯೇ ಒಂದು ಸೊಗಸಾದ ವಿಧಿ ಇತ್ತು. ಲಾಭದ ನಾಲ್ಕನೆಯ ಒಂದು ಭಾಗವನ್ನು ಆಪದ್ಧನಕ್ಕೆ ತೆಗೆದಿಟ್ಟ ಮೇಲೆ, ಉಳಿದುದರಲ್ಲಿ ನೂರಕ್ಕೆ ಹತ್ತರವರೆಗೆ ಧರ್ಮಕಾರ್ಯಕ್ಕೆ ಕೊಡಬಹುದು. ಹತ್ತು ಲಕ್ಷ ಲಾಭ ಬಂದಿತೆಂದಿಟ್ಟುಕೊಳ್ಳಿ. ಎರಡೂವರೆ ಲಕ್ಷ ಆಪದ್ಧನಕ್ಕೆ; ಉಳಿದ ಏಳೂವರೆಯಲ್ಲಿ ಎಪ್ಪತ್ತೈದು ಸಾವಿರ ಊರಿಗೆ. ಧರ್ಮಕಾರ್ಯ ಎಂದರೇನು ಎಂಬುದಕ್ಕೆ ಆ ಕಾಯಿದೆ 1890ರ ದತ್ತಿ ಕಾಯಿದೆಯತ್ತ ಬೆರಳು ತೋರಿಸುತ್ತಿತ್ತು. ಬಡವರ ನೆರವು, ವಿದ್ಯೆ, ವೈದ್ಯ, ಸಾರ್ವಜನಿಕ ಉಪಯೋಗ ಇವು ಸೇರುತ್ತಿದ್ದವು. ಪೂಜೆ ಮತ್ತು ಮತಬೋಧೆ ಸೇರುತ್ತಿರಲಿಲ್ಲ.

ನಾನು ಪಾಠ ಹೇಳಿದ ಶಾಲೆಯೊಂದರ ಕಚೇರಿಯಲ್ಲಿದ್ದ ಗೋಡೆ ಗಡಿಯಾರ ಸೊಸೈಟಿಯ ಕೊಡುಗೆ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲಿಗರಾದವರಿಗೆ ಬಹುಮಾನ, ಬಡ ಮಕ್ಕಳಿಗೆ ನೋಟುಪುಸ್ತಕ, ಸದಸ್ಯರು ತೀರಿಕೊಂಡಾಗ ಮನೆಯವರಿಗೆ ಒಂದಿಷ್ಟು ಮರಣೋತ್ತರ ನೆರವು. ಮೊತ್ತ ಚಿಕ್ಕದು, ಆದರೆ ತಲುಪುವುದು ತಕ್ಷಣ. ನಾನು ಕುಳಿತಿದ್ದ ಒಂದು ಮಹಾಸಭೆಯಲ್ಲಿ ಈ ಹಣವನ್ನು ಗುಡಿಯ ಗೋಪುರಕ್ಕೆ ಕೊಡಬೇಕೆಂದು ಕೆಲವರು, ಡಿವಿಡೆಂಡ್ ಹೆಚ್ಚಿಸಬೇಕೆಂದು ಕೆಲವರು ಗದ್ದಲವೆಬ್ಬಿಸಿದರು. ಹಿಂದಿನ ಸಾಲಿನಲ್ಲಿದ್ದ ವೃದ್ಧ ರೈತರೊಬ್ಬರು ಎದ್ದು ನಿಂತು, “ಗುಡಿಗೆ ಹತ್ತೂರಿನ ಭಕ್ತರಿದ್ದಾರಪ್ಪ, ಶಾಲೆಗೆ ನಾವು ಬಿಟ್ಟರೆ ಯಾರಿದ್ದಾರೆ?” ಎಂದರು. ಆ ವರ್ಷ ಶಾಲೆಗೆ ಕುಡಿಯುವ ನೀರಿನ ತೊಟ್ಟಿ ಬಂದಿತು. ಆ ಹಿರಿಯರಿಗೆ ಓದು ಬರುತ್ತಿರಲಿಲ್ಲ. ಆದರೆ ಲಾಭ ಯಾರದ್ದು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಅವರಲ್ಲಿತ್ತು.

ಕೆಲವು ಎಚ್ಚರದ ಮಾತುಗಳು

ನಿವೃತ್ತಿಯ ಹಣವನ್ನು ಸಂಘದಲ್ಲಿಡಬಹುದೇ ಎಂದು ಬಂಧುಗಳು ಕೇಳುತ್ತಿರುತ್ತಾರೆ. ಬ್ಯಾಂಕುಗಳ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಐದು ಲಕ್ಷದವರೆಗೆ ವಿಮೆ ಇದೆ; 2020ರ ಫೆಬ್ರವರಿಯಲ್ಲಿ ಅದು ಒಂದು ಲಕ್ಷದಿಂದ ಏರಿತು. ಆದರೆ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ವಿಧಿಸಿದಾಗ ಠೇವಣಿದಾರರು ಮೊದಲಿಗೆ 35,000 ರೂಪಾಯಿಗಿಂತ ಹೆಚ್ಚು ಹಿಂಪಡೆಯುವಂತಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ನನ್ನಂಥ ನಿವೃತ್ತರು. ಆದ್ದರಿಂದ ಬಡ್ಡಿ ಅರ್ಧ ಪರ್ಸೆಂಟ್ ಹೆಚ್ಚೆಂಬ ಒಂದೇ ಕಾರಣಕ್ಕೆ ಇಡೀ ಗಂಟನ್ನು ಒಂದೇ ಕಡೆ ಇಡಬೇಡಿ. ಊರ ಸಂಘವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅದರ ಲೆಕ್ಕವನ್ನು ಬಲ್ಲವರಾಗಿ ಅದರಲ್ಲಿರಿ ಎನ್ನುತ್ತಿದ್ದೇನೆ.

2021ರಲ್ಲಿ ಕೇಂದ್ರದಲ್ಲಿ ಸಹಕಾರಕ್ಕೇ ಪ್ರತ್ಯೇಕ ಸಚಿವಾಲಯ ಬಂದಿತು. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಗಣಕಯಂತ್ರ ಅಳವಡಿಸುವ ಯೋಜನೆಗೆ 2022ರಲ್ಲಿ ಮಂಜೂರಾತಿ ಸಿಕ್ಕಿತು. 2025ನ್ನು ವಿಶ್ವಸಂಸ್ಥೆ ಎರಡನೆಯ ಬಾರಿ ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಘೋಷಿಸಿತ್ತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ರೈಫೈಸನ್ ಹೇಳಿದ, ಪರಸ್ಪರ ಪರಿಚಯವಿರುವ ಜನರ ಕಣ್ಣಿನ ಕಾವಲನ್ನು ಯಂತ್ರ ಕೊಡಲಾರದು.

ಆದ್ದರಿಂದ, ಪ್ರಿಯ ವಿದ್ಯಾರ್ಥಿಗಳೇ, ತಂದೆಯವರ ಹೆಸರಿನ ಷೇರನ್ನು ನಿರ್ಲಕ್ಷಿಸಬೇಡಿ. ಅವರು ಬದುಕಿದ್ದರೆ ನಾಮನಿರ್ದೇಶನ ಆಗಿದೆಯೇ ವಿಚಾರಿಸಿ. ಇಲ್ಲವಾಗಿದ್ದರೆ ಸಂಘದ ಕಾರ್ಯದರ್ಶಿಗಳನ್ನು ಕಂಡು ವರ್ಗಾವಣೆಯ ಕ್ರಮವನ್ನು ಕೇಳಿ ತಿಳಿಯಿರಿ. ಸಹಕಾರದಲ್ಲಿ ನೂರು ಷೇರಿನವನಿಗೂ ಒಂದೇ ಮತ, ಒಂದು ಷೇರಿನವನಿಗೂ ಒಂದೇ ಮತ. ಆ ಒಂದು ಮತ ನಿಮ್ಮ ಮನೆಯದು. ಈ ಸಲದ ಮಹಾಸಭೆಯ ಹೊತ್ತಿಗೆ ಊರಿಗೆ ಬರುವುದಾದರೆ ಪುಸ್ತಿಕೆಯನ್ನು ಓದಿಕೊಂಡೇ ಬನ್ನಿ. ಸುಸ್ತಿಸಾಲ ಎಷ್ಟು, ಶಾಲೆಗೆ ಎಷ್ಟು ಎಂದು ಎದ್ದು ನಿಂತು ಕೇಳಿ.

ಎಲ್ಲರಿಗೂ ಶುಭವಾಗಲಿ.